ಪ್ರವಾಸಿಗನೂ ಕ್ಷೌರದ ಕುರ್ಚಿಯೂ

(ಅಂತಿಮ ಬಿ.ಎ. ವಿದ್ಯಾರ್ಥಿಯೊಬ್ಬನ ಅಭಿಪ್ರಾಯ)

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಪ್ರವಾಸ ಕಥನವೊಂದು ಇರಲೇಬೇಕೆಂಬುದು ಬಹುಕಾಲದಿಂದ ನಡೆದುಬಂದ ಸಂಪ್ರದಾಯ. ಈ ವರ್ಷ ಅದನ್ನು ಬರೆಯುವ ಭಾರ ನನ್ನ ಮೇಲೆ ಬಿದ್ದಾಗ, ಹಿಂದಿನವರು ಹೇಗೆ ಬರೆದಿದ್ದಾರೆಂದು ತಿಳಿಯಲು ಗ್ರಂಥಾಲಯದ ಕಪಾಟಿನಿಂದ ಹಳೆಯ ಸಂಚಿಕೆಗಳನ್ನು ತೆಗೆಸಿ ಓದಿದೆ. ಅವೆಲ್ಲವೂ ಒಂದೇ ಕಥನ! ಬೆಳಗಿನ ಜಾವ ಐದು ಗಂಟೆಗೆ ಬಸ್ಸು ಹೊರಡುತ್ತದೆ. ಹುಡುಗರು ಹಾಡುತ್ತಾರೆ. ಬೇಲೂರಿನ ಚೆನ್ನಕೇಶವನನ್ನು ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದನೆಂದು ತಿಳಿಸಲಾಗುತ್ತದೆ. ಮದನಿಕೆಯರನ್ನು ಹೊರಗೆ ಮೂವತ್ತೆಂಟು, ಒಳಗೆ ನಾಲ್ಕು ಎಂದು ಎಣಿಸಲಾಗುತ್ತದೆ. ಶಿಲ್ಪಿಯ ಕೈಚಳಕಕ್ಕೆ ಒಂದು ಉದ್ಗಾರ. ಕೊನೆಗೆ, ಈ ಪ್ರವಾಸವು ನಮ್ಮ ಮನಸ್ಸಿನಲ್ಲಿ ಚಿರಕಾಲ ಉಳಿಯುವುದೆಂಬ ಭರವಸೆ. ಉಳಿದದ್ದೇನು ಎಂದು ಮಾತ್ರ ಯಾರೂ ಹೇಳಿಲ್ಲ.

ನಾನು ಇವರನ್ನು ಹಳಿಯುತ್ತಿಲ್ಲ. ನಾನೂ ಟಿಪ್ಪಣಿ ಪುಸ್ತಕವೊಂದನ್ನು ಕಂಕುಳಲ್ಲಿಟ್ಟುಕೊಂಡೇ ಬಸ್ಸು ಹತ್ತಿದವನು. ಆದರೆ ಬರೆಯಬೇಕೆಂಬ ಹಂಬಲವುಳ್ಳ ಸಹಪಾಠಿಗಳ ಮುಂದೆ ಒಂದು ಅಭಿಪ್ರಾಯವನ್ನು ಇಡಬೇಕೆಂದಿದ್ದೇನೆ. ಹೊಸ ಊರಿಗೆ ಹೋದವನು ಅಲ್ಲಿನ ಗುಡಿ ಗೋಪುರಗಳನ್ನು ಅವಶ್ಯವಾಗಿ ನೋಡಲಿ. ಆಮೇಲೆ ಅಲ್ಲಿನ ಕ್ಷೌರದಂಗಡಿಯೊಂದಕ್ಕೆ ಹೋಗಿ, ತಲೆ ಬಗ್ಗಿಸಿ ಕುಳಿತುಕೊಳ್ಳಲಿ. ಕಥೆಗೋ ಕವಿತೆಗೋ ಬೇಕಾದ ಪ್ರೇರಣೆ ಸಿಕ್ಕುವುದಾದರೆ ಆ ಕುರ್ಚಿಯಲ್ಲಿ ಸಿಕ್ಕುವ ಸಂಭವ ಹೆಚ್ಚು.

ಓದುಗರು ನಗಬಹುದು, ನಗಲಿ. ಕಾರಣವನ್ನೂ ಕೇಳಬೇಕು.

ಗುಡಿಯ ಮುಂದೆ ನಿಂತಾಗ ನಾವು ನೋಡುವವರು, ಅದು ನೋಡಿಸಿಕೊಳ್ಳುವ ವಸ್ತು. ಇಷ್ಟವಾದರೆ ಹೊಗಳುತ್ತೇವೆ, ಕಾಲು ನೋಯುತ್ತಿದ್ದರೆ ಬೇಗ ಹೊರಡುತ್ತೇವೆ. ಎರಡಕ್ಕೂ ಕಲ್ಲು ಏನೂ ಅನ್ನುವುದಿಲ್ಲ. ಕ್ಷೌರದ ಕುರ್ಚಿಯಲ್ಲಿ ಹಾಗಲ್ಲ. ಕತ್ತಿನ ಸುತ್ತ ಬಟ್ಟೆ ಬಿಗಿದೊಡನೆ ನಮ್ಮ ಎರಡು ಕೈಗಳೂ ಅದರಡಿಯಲ್ಲಿ ಸೆರೆಯಾಗುತ್ತವೆ. ಮೊಬೈಲು ಜೇಬಿನಲ್ಲೇ ಉಳಿಯುತ್ತದೆ, ಕನ್ನಡಕ ಹಾಕುವವನು ಅದನ್ನೂ ತೆಗೆದಿಡಬೇಕು. ಅಪರಿಚಿತನೊಬ್ಬನ ಕೈ ನಮ್ಮ ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತದೆ. ಈಗ ನೋಡುವವನು ಅವನು. ಕಿವಿಯೊಂದು ಮಾತ್ರ ನಮ್ಮದಾಗಿ ಉಳಿದಿರುತ್ತದೆ. ಆ ಕಿವಿಗೆ ಊರು ತಾನಾಗಿಯೇ ಬಂದು ಬೀಳುತ್ತದೆ. ಯಾರ ಬೋರ್‌ವೆಲ್ಲು ಬತ್ತಿತು, ಯಾವ ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ ಹೋಯಿತು, ಪಂಚಾಯತಿಯಲ್ಲಿ ಯಾರು ಯಾರ ಕೈ ಬಿಟ್ಟರು, ಇವೆಲ್ಲ ಯಾವ ಮಾರ್ಗದರ್ಶಿಯ ಬಾಯಲ್ಲೂ ಬರುವುದಿಲ್ಲ.

ದೊಡ್ಡ ಲೇಖಕರು ಇದನ್ನು ಬಲ್ಲವರೇ. ಗೊಗೊಲನ ‘ಮೂಗು’ ಎಂಬ ಕಥೆ (1836) ಒಬ್ಬ ಕ್ಷೌರಿಕನು ಬೆಳಗಿನ ರೊಟ್ಟಿಯನ್ನು ಕೊಯ್ದಾಗ ಅದರೊಳಗೆ ತನ್ನ ಗಿರಾಕಿಯ ಮೂಗು ಸಿಕ್ಕುವುದರಿಂದ ಆರಂಭವಾಗುತ್ತದೆ. ಚೆಕಾವನು 1883ರಲ್ಲಿ, ಇನ್ನೂ ಇಪ್ಪತ್ತಮೂರರ ತರುಣನಾಗಿದ್ದಾಗ, ಕ್ಷೌರದಂಗಡಿಯಲ್ಲೇ ನಡೆಯುವ ಕಥೆಯೊಂದನ್ನು ಬರೆದ. ತಲೆ ಬೋಳಿಸಿಕೊಳ್ಳಲು ಕುಳಿತ ಹಿರಿಯನೊಬ್ಬ, ಮಾತಿನ ನಡುವೆ, ತನ್ನ ಮಗಳಿಗೆ ಬೇರೆಡೆ ಸಂಬಂಧ ನಿಶ್ಚಯವಾಯಿತೆಂದು ಹೇಳುತ್ತಾನೆ. ಕತ್ತರಿ ಹಿಡಿದವನು ಅದೇ ಹುಡುಗಿಯನ್ನು ಮನಸ್ಸಿನಲ್ಲಿಟ್ಟುಕೊಂಡವನು. ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಅರ್ಧ ತಲೆಯಲ್ಲಿ ಕೂದಲು, ಅರ್ಧ ಬೋಳು. ಮರುದಿನ ಉಳಿದರ್ಧಕ್ಕೆ ದುಡ್ಡು ಕೇಳಿದರೆಂದು ಆ ಹಿರಿಯ ಹಾಗೆಯೇ ಹೊರಟುಹೋಗಿ ಮಗಳ ಮದುವೆಯಲ್ಲಿ ಕುಣಿಯುತ್ತಾನೆ. ನಗುವೂ ಸಂಕಟವೂ ಒಂದೇ ತಲೆಯ ಮೇಲೆ! ಕೊಲಂಬಿಯಾ ದೇಶದ ಹೆರ್ನಾಂಡೊ ಟೆಲ್ಲೆಸ್ 1950ರಲ್ಲಿ ಪ್ರಕಟಿಸಿದ ಕಥೆಯೊಂದರಲ್ಲಿ ಕ್ರೂರಿಯಾದ ಸೇನಾಧಿಕಾರಿ ಗಡ್ಡ ತೆಗೆಸಿಕೊಳ್ಳಲು ಬರುತ್ತಾನೆ. ಕ್ಷೌರಿಕನು ಗುಟ್ಟಾಗಿ ಬಂಡಾಯಗಾರರ ಕಡೆಯವನು. ಕತ್ತಿಯ ಅಂಚಿನಡಿ ಶತ್ರುವಿನ ಕೊರಳಿದೆ. ಏನು ಮಾಡಿಯಾನು? ಓದದವರು ಗ್ರಂಥಾಲಯದಲ್ಲಿ ಕೇಳಿ ಓದಬೇಕು. ಈ ಮೂರರಲ್ಲಿ ಕ್ಷೌರಿಕನೇ ‘ನಾನು’ ಎಂದು ಕಥೆ ಹೇಳುವುದು ಈ ಕೊನೆಯದರಲ್ಲಿ ಮಾತ್ರ. ಈ ಒಂದು ಸಂಗತಿ ನನ್ನನ್ನು ಬಹಳ ದಿನ ಕಾಡಿತು. ಏಕೆಂಬುದು ಮುಂದೆ ತಿಳಿಯುತ್ತದೆ.

ಈಗ ಬೇಲೂರಿನ ಸಂಗತಿಗೆ ಬರುತ್ತೇನೆ.

ನಾವು ಸೋಮವಾರ ಬೆಳಿಗ್ಗೆ ಶ್ರವಣಬೆಳಗೊಳವನ್ನು ನೋಡಿ, ಮಧ್ಯಾಹ್ನ ಬೇಲೂರಿಗೆ ಬಂದು, ದೇವಾಲಯವನ್ನು ಎರಡು ಸುತ್ತು ಸುತ್ತಿದ್ದಾಗಿತ್ತು. ಸಂಜೆ ಊಟದವರೆಗೆ ಎರಡು ಗಂಟೆ ಬಿಡುವು. ಸ್ನೇಹಿತನೊಬ್ಬನಿಗೆ ಮರುದಿನ ಹಳೇಬೀಡಿನಲ್ಲಿ ತೆಗೆಸುವ ಭಾವಚಿತ್ರಕ್ಕೆ ಗಡ್ಡ ಒಪ್ಪವಾಗಿರಬೇಕಿತ್ತು. ಮೂವರೂ ಒಂದು ಅಂಗಡಿಗೆ ನುಗ್ಗಿದೆವು. ಎರಡೇ ಕುರ್ಚಿ. ಎದುರುಬದುರು ಕನ್ನಡಿ, ಒಂದರೊಳಗೊಂದು ನಮ್ಮ ತಲೆಗಳು ಸಾಲುಗಟ್ಟಿ ಕೊನೆಯಲ್ಲಿ ಹಸಿರು ಕತ್ತಲೆಯಲ್ಲಿ ಮಾಯವಾಗುತ್ತಿದ್ದವು. ಗೋಡೆಯಲ್ಲಿ ದೇವರ ಪಟ, ಅದಕ್ಕೆ ಮಿಣುಕುವ ದೀಪ, ಪಕ್ಕದಲ್ಲೇ ಬಗೆಬಗೆಯ ಕ್ರಾಪಿನ ತರುಣರ ಚಿತ್ರಪಟ. ಮೊದಲ ಕುರ್ಚಿಯ ಹಿಂದೆ ಅರವತ್ತರ ಆಸುಪಾಸಿನ ಯಜಮಾನರು. ಎರಡನೆಯದರ ಹಿಂದೆ ಉತ್ತರ ಪ್ರದೇಶದಿಂದ ಬಂದ ಹುಡುಗ. ಅವನು ಕನ್ನಡವನ್ನು ಬೇಲೂರಿನಲ್ಲಿಯೇ ಕಲಿತದ್ದು. ‘ಹ’ಕಾರವನ್ನು ಮಾತ್ರ ನಮಗಿಂತ ಚೆನ್ನಾಗಿ ಉಚ್ಚರಿಸುತ್ತಿದ್ದ.

ಯಜಮಾನರು ನನ್ನನ್ನು ಕೂರಿಸಿ ಬಟ್ಟೆ ಹೊದಿಸಿದರು.

“ಗುಡಿ ನೋಡಿದ್ರಾ?”

“ನೋಡಿದ್ವಿ.”

“ಕನ್ನಡಿ ಹಿಡ್ಕೊಂಡೋಳ್ನ?”

“ದರ್ಪಣ ಸುಂದರಿ. ಬಹಳ ಚೆನ್ನಾಗಿದೆ.”

“ಚೆನ್ನಾಗದೆ. ಆದ್ರೆ ನಮ್ ಕೆಲ್ಸಕ್ಕೆ ಹೋಲಿಸ್ಬೇಡಿ. ಕಲ್ಲು ಅಲ್ಲಾಡಲ್ಲ. ಗಿರಾಕಿ ಅಲ್ಲಾಡ್ತಾನೆ.”

ಈ ಮಾತಿಗೆ ಇಡೀ ಅಂಗಡಿ ನಕ್ಕಿತು. ಆದರೆ ಅದು ಬರಿಯ ನಗೆಮಾತೇ? ಅಲುಗಾಡುವ, ಉಸಿರಾಡುವ, ಮಾತನಾಡುವ, ನಡುವೆ ಸೀನುವ ವಸ್ತುವಿನ ಮೇಲೆ ಕತ್ತರಿಯಾಡಿಸುವವನ ಕಲೆ ಎಂಥದೆಂದು ಅದುವರೆಗೆ ನಾನು ಯೋಚಿಸಿರಲಿಲ್ಲ. ಅವನು ಮಾಡಿದ್ದು ಒಂದು ತಿಂಗಳೂ ನಿಲ್ಲುವುದಿಲ್ಲ. ಮತ್ತೆ ಬೆಳೆಯುತ್ತದೆ, ಮತ್ತೆ ಮಾಡಬೇಕು. ಯಜಮಾನರು ಅಷ್ಟಕ್ಕೇ ಬಿಡಲಿಲ್ಲ. “ಬೆಳಗೊಳದಲ್ಲಿ ಸ್ವಾಮಿ ತಲೆ ನೋಡಿದ್ರಾ?” ಎಂದು ಕೇಳಿದರು. ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ, ಆ ಮೂರ್ತಿಯ ಮುಂದೆ ಒಂದು ಗಂಟೆ ಕಳೆದು ಬಂದಿದ್ದೆ. ಎತ್ತರ ಐವತ್ತೆಂಟು ಅಡಿ ಎಂದು ಬರೆದುಕೊಂಡಿದ್ದೆ. ಕಾಲಿಗೆ ಹಬ್ಬಿದ ಬಳ್ಳಿ, ಹುತ್ತ, ಎಲ್ಲ ನೆನಪಿತ್ತು. ತಲೆ? “ಗುಂಗುರು,” ಎಂದರು ಅವರು, ನನ್ನ ತಲೆಯನ್ನು ಮುಂದಕ್ಕೆ ಬಾಗಿಸುತ್ತ. “ಇಡೀ ತಲೆ ಸಣ್ ಸಣ್ ಗುಂಗುರು. ಸಾಲು ತಪ್ಪಿಲ್ಲ.” ಕೇಶವನ್ನು ಕೈಯಿಂದಲೇ ಕಿತ್ತು ತೆಗೆಯುವ ಲೋಚದ ವ್ರತವುಳ್ಳ ಮುನಿಗಳ ಕ್ಷೇತ್ರದಲ್ಲಿ, ದೇವರ ತಲೆಯ ಗುಂಗುರನ್ನು ಸಾಲು ಸಾಲಾಗಿ ನೋಡಿಬಂದವರು ಒಬ್ಬ ಕ್ಷೌರಿಕರು! ಐಚ್ಛಿಕ ಇತಿಹಾಸದ ವಿದ್ಯಾರ್ಥಿಯಾದ ನಾನು ಅಡಿಗಳನ್ನು ಬರೆದುಕೊಂಡು ಬಂದಿದ್ದೆ.

ಪ್ರೇರಣೆಯ ಮಾತು ಇಲ್ಲಿಗೆ ಮುಗಿದಿದ್ದರೆ ಈ ಲೇಖನ ಹಗುರವಾದ ಪ್ರಬಂಧವಾಗುತ್ತಿತ್ತು. ಮುಗಿಯಲಿಲ್ಲ.

ಬಲಗಿವಿಯ ಹತ್ತಿರ ಅವರ ಕತ್ತರಿ ಬಂದಾಗ, ಹೇಳುವುದಕ್ಕೆ ಮುಂಚೆಯೇ ನಾನು ಬಟ್ಟೆಯಡಿಯಿಂದ ಕೈ ತೆಗೆದು ಕಿವಿಯನ್ನು ಮಡಚಿ ಹಿಡಿದೆ. ತಲೆಯನ್ನು ಎಷ್ಟು ಓರೆ ಮಾಡಬೇಕೋ ಅಷ್ಟೇ ಓರೆ ಮಾಡಿದೆ. ಇದು ಅಭ್ಯಾಸಬಲ. ಕತ್ತರಿ ನಿಂತಿತು. ಕನ್ನಡಿಯಲ್ಲಿ ಅವರ ಕಣ್ಣು ನನ್ನ ಕಣ್ಣನ್ನು ಹುಡುಕಿತು.

“ಯಾರ್ ಮಗನಪ್ಪ ನೀನು? ಮನೇಲಿ ಕತ್ರಿ ಅದಾ?”

ಕನ್ನಡಿಯಲ್ಲಿ ಅವರ ಮುಖದ ಹಿಂದೆ ನನ್ನ ಇಬ್ಬರು ಸ್ನೇಹಿತರ ಮುಖಗಳೂ ಇದ್ದವು.

“ಇಲ್ಲ,” ಎಂದೆ. “ನಮ್ದು ತೆಂಗಿನ ತೋಟ.”

“ಹೂಂ,” ಎಂದರು. ಉಳಿದ ಕೆಲಸವನ್ನು ಮಾತಿಲ್ಲದೆ, ಕಿಂಚಿತ್ತೂ ಅವಸರವಿಲ್ಲದೆ ಮುಗಿಸಿದರು. ಕತ್ತಿನ ಹಿಂದೆ ಕತ್ತಿಯಾಡಿಸಿ, ಪಟಿಕವನ್ನು ಒದ್ದೆ ಮಾಡಿ ಸವರಿದರು. ನೂರು ರೂಪಾಯಿ ಕೊಟ್ಟೆ, ತೆಗೆದುಕೊಂಡರು. ನಮ್ಮ ಕಸುಬಿನವರಲ್ಲಿ ಒಬ್ಬನ ಮಗ ಇನ್ನೊಬ್ಬನ ಅಂಗಡಿಯಲ್ಲಿ ಕುಳಿತರೆ ಹಣ ತೆಗೆದುಕೊಳ್ಳುವ ವಾಡಿಕೆಯಿಲ್ಲ. ತೆಂಗಿನ ತೋಟದವನ ಹತ್ತಿರ ತೆಗೆದುಕೊಳ್ಳಬೇಕಾದ್ದು ನ್ಯಾಯ.

ನಮ್ಮ ಮನೆಯಲ್ಲಿ ತೆಂಗಿನ ಗಿಡವೊಂದೂ ಇಲ್ಲ. ನಮ್ಮ ತಂದೆಯವರು ತಾಲೂಕು ಕೇಂದ್ರವೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕ್ಷೌರದಂಗಡಿ ನಡೆಸುತ್ತಿದ್ದಾರೆ. ಮದುವೆಯ ಕಾಲದಲ್ಲಿ ಓಲಗ ಊದುತ್ತಾರೆ. ನಮ್ಮ ಮನೆತನದಲ್ಲಿ ಬಿ.ಎ. ತರಗತಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಇಷ್ಟನ್ನು ಎರಡೂವರೆ ವರ್ಷ ಈ ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ.

ಏಕೆ ಹೇಳಲಿಲ್ಲವೆಂದು ಕೇಳುವವರು ನಮ್ಮ ಮಾತಿನ ರೂಢಿಯನ್ನು ಒಂದು ದಿನ ಕಿವಿಗೊಟ್ಟು ಆಲಿಸಬೇಕು. ಕೆಲಸಕ್ಕೆ ಬಾರದ ಕೆಲಸಕ್ಕೆ ನಾವು ಯಾವ ಹೆಸರಿಡುತ್ತೇವೆ? ಕೈಲಾಗದವನನ್ನು ಏನೆಂದು ಕರೆಯುತ್ತೇವೆ? ಮೋಸ ಹೋದವನಿಗೆ ಏನಾಯಿತೆನ್ನುತ್ತೇವೆ? ವಿದ್ಯಾರ್ಥಿನಿಲಯದಲ್ಲಿ ದಿನಕ್ಕೆ ಹತ್ತು ಸಾರಿ ಕೇಳಿದ್ದೇನೆ. ಪಾಠದ ನಡುವೆ, ಯಾವ ಕೆಟ್ಟ ಭಾವವೂ ಇಲ್ಲದೆ, ಗುರುಗಳ ಬಾಯಿಂದಲೂ ಕೇಳಿದ್ದೇನೆ. ನಾಟಕದಲ್ಲಿ ನಗೆ ಬೇಕಾದಾಗಲೆಲ್ಲ ಕಂಕುಳಲ್ಲಿ ಪೆಟ್ಟಿಗೆಯಿಟ್ಟುಕೊಂಡು ಒಬ್ಬನು ರಂಗಕ್ಕೆ ಬರುತ್ತಾನೆ. ಆ ಪೆಟ್ಟಿಗೆ ನಮ್ಮ ತಾತನದು. ಅದಕ್ಕೆ ಹಡಪವೆನ್ನುತ್ತಿದ್ದರು. ಬಸವಣ್ಣನವರ ಬಳಿ ತಾಂಬೂಲದ ಹಡಪ ಹಿಡಿದಿದ್ದ ಅಪ್ಪಣ್ಣನೂ ಆತನ ಪತ್ನಿ ಲಿಂಗಮ್ಮನೂ ವಚನಕಾರರೆಂದು ಪರೀಕ್ಷೆಗೆ ಬರೆದು ಅಂಕ ಪಡೆದಿದ್ದೇನೆ. ಇಂದು ಆ ಅಪ್ಪಣ್ಣನನ್ನು ತಮ್ಮವನೆಂದು ಪೂಜಿಸುವ ಜನರಲ್ಲಿ ನಮ್ಮ ಕಸುಬಿನವರೂ ಇದ್ದಾರೆಂದು ಮಾತ್ರ ಉತ್ತರಪತ್ರಿಕೆಯಲ್ಲಿ ಬರೆಯಲಿಲ್ಲ. ಪ್ರಶ್ನೆಯಲ್ಲಿ ಅದು ಇರಲೂ ಇಲ್ಲ.

ಇನ್ನೊಂದು ವಿಚಿತ್ರವನ್ನು ಹೇಳಬೇಕು. ನಮ್ಮ ಸೀಮೆಯಲ್ಲಿ ಬೆಳಿಗ್ಗೆ ಎದ್ದು ಹೊರಟಾಗ ಕ್ಷೌರಿಕನು ಎದುರಾದರೆ ಅಪಶಕುನವೆಂದು ನಂಬುವವರು ಇಂದಿಗೂ ಇದ್ದಾರೆ. ಅದೇ ಜನ, ಅದೇ ಮನುಷ್ಯನು ಓಲಗ ಊದದೆ ತಾಳಿ ಕಟ್ಟುವುದಿಲ್ಲ. ಕೈಯಲ್ಲಿ ಕತ್ತರಿಯಿದ್ದರೆ ಅಮಂಗಳ, ತುಟಿಯಲ್ಲಿ ಓಲಗವಿದ್ದರೆ ಮಂಗಳವಾದ್ಯ! ಇದನ್ನು ನಮ್ಮ ತಂದೆಯವರ ಬಳಿ ಒಮ್ಮೆ ಆಡಿದಾಗ ಅವರು ನಕ್ಕು, “ಎರಡಕ್ಕೂ ದುಡ್ಡು ಕಮ್ಮಿನೇ,” ಎಂದರು.

ಬುದ್ಧನ ಶಿಷ್ಯ ಉಪಾಲಿಯ ಕಥೆಯನ್ನು ಬಲ್ಲವರು ಬಲ್ಲರು. ಶಾಕ್ಯರ ರಾಜಕುಮಾರರು ಸಂಘ ಸೇರಲು ಹೊರಟಾಗ ಅವರ ಕ್ಷೌರಿಕನಾದ ಉಪಾಲಿಯೂ ಹೊರಟ. ತಮ್ಮ ಅಭಿಮಾನ ಕರಗಲೆಂದು ರಾಜಕುಮಾರರೇ ಬೇಡಿಕೊಂಡು ಅವನಿಗೆ ಮೊದಲು ದೀಕ್ಷೆ ಕೊಡಿಸಿದರು. ಮೊದಲು ದೀಕ್ಷೆ ಪಡೆದವನಿಗೆ ಆಮೇಲಿನವರು ನಮಿಸಬೇಕು. ಬುದ್ಧನು ತೀರಿಕೊಂಡ ಮೇಲೆ ರಾಜಗೃಹದ ಸಭೆಯಲ್ಲಿ ವಿನಯದ ನಿಯಮಗಳನ್ನು ನೆನಪಿನಿಂದ ಒಪ್ಪಿಸಿದವನು ಈ ಉಪಾಲಿಯೇ. ಪ್ರಥಮ ಬಿ.ಎ.ಯಲ್ಲಿ ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೇಲೂರಿನ ಕುರ್ಚಿಯಲ್ಲಿ ಅದು ಒದಗಿ ಬರಲಿಲ್ಲ.

ರಾತ್ರಿ ಛತ್ರದಲ್ಲಿ ಮಲಗಿ ಯೋಚಿಸಿದೆ. ಬೆಳಿಗ್ಗೆ ಬಸ್ಸು ಹೊರಡುವ ಮೊದಲು ಆ ಅಂಗಡಿಗೆ ಹೋಗಿ, ಹೌದು ಮನೆಯಲ್ಲಿ ಕತ್ತರಿ ಇದೆ ಎಂದು ಹೇಳಿಬರಬೇಕೆಂದು ನಿಶ್ಚಯಿಸಿದೆ. ಏಳು ಗಂಟೆಗೆ ಓಡಿದೆ. ಬಾಗಿಲು ಹಾಕಿತ್ತು. ಮಂಗಳವಾರ. ನಮ್ಮ ಕಡೆ ಮಂಗಳವಾರ ಕ್ಷೌರದಂಗಡಿ ತೆರೆಯುವುದಿಲ್ಲವೆಂಬುದನ್ನು ಲೋಕದಲ್ಲಿ ಯಾರು ಮರೆತರೂ ನಾನು ಮರೆಯಬಾರದಿತ್ತು. ನನ್ನ ಬಾಲ್ಯದ ಭಾನುವಾರಗಳೆಲ್ಲ ಮಂಗಳವಾರಗಳೇ.

ಹೀಗೆ ಬರೆಯುವ ಪ್ರೇರಣೆಯನ್ನು ಹುಡುಕಿಕೊಂಡು ಹೋದವನು ಒಂದು ಸುಳ್ಳನ್ನು ಹೊತ್ತುಕೊಂಡು ಬಂದೆ. ಆದರೂ ನನ್ನ ಅಭಿಪ್ರಾಯ ಬದಲಾಗಲಿಲ್ಲ, ಬಲವಾಯಿತು. ಆ ಕುರ್ಚಿ ನನ್ನಿಂದ ಒಂದು ಪ್ರಶ್ನೆಯನ್ನು ಕೇಳಿತು. ದರ್ಪಣ ಸುಂದರಿ ಕೇಳಲಿಲ್ಲ.

ಫೆಬ್ರವರಿಯಲ್ಲಿ ಚರ್ಚಾಸ್ಪರ್ಧೆಗೆಂದು ವಿಜಯಪುರಕ್ಕೆ ಹೋಗಬೇಕಾಯಿತು. ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ಎಲ್ಲರಂತೆ ನಾನೂ ಕೂಗಿ, ನನ್ನ ಧ್ವನಿಯನ್ನೇ ಮತ್ತೆ ಮತ್ತೆ ಕೇಳಿಸಿಕೊಂಡು ಇಳಿದೆ. ಆಮೇಲೆ ಬಸ್ ನಿಲ್ದಾಣದ ಹತ್ತಿರ ಒಂದು ಅಂಗಡಿಗೆ ಹೋಗಿ, ಕುಳಿತುಕೊಳ್ಳುವ ಮೊದಲೇ, “ನಮ್ಮ ತಂದೆಯವರದೂ ಇದೇ ಕೆಲಸ,” ಎಂದೆ. ಅಂಗಡಿಯವರು ಕೈಯಲ್ಲಿದ್ದ ಕತ್ತರಿಯನ್ನು ನನ್ನ ಕಡೆ ಚಾಚಿದರು.

“ಹಂಗಾರ ಹಿಡಿ ನೋಡೂಣು.”

ಹಿಡಿದೆ. ಉಂಗುರ ಬೆರಳು ಎಲ್ಲಿರಬೇಕೋ ಅಲ್ಲಿತ್ತು. ಎರಡು ಸಾರಿ ಗಾಳಿಯಲ್ಲಿ ಆಡಿಸಿದೆ. ಅವರು ನನ್ನ ಬೆರಳನ್ನು ಹಿಡಿದು ನೋಡಿ ನಕ್ಕರು. “ಕೈ ಖರೇ ಐತಿ ತಮ್ಮಾ. ಆದ್ರ ಇದು ಪೆನ್ನ ಹಿಡಿಯೂ ಕೈ ಆಗೈತಿ. ಇನ್ನ ತಿರುಗೂದಿಲ್ಲ.” ಚಹಾ ತರಿಸಿದರು. ಹಣ ಮುಟ್ಟಲಿಲ್ಲ.

ಆ ಮಾತು ಸಂತೋಷದ್ದೋ ದುಃಖದ್ದೋ ನನಗಿನ್ನೂ ತಿಳಿದಿಲ್ಲ. 2020ರ ಮಾರ್ಚ್ 25ರಿಂದ ದೇಶಕ್ಕೇ ಬೀಗ ಬಿದ್ದಾಗ ನಾನು ಪ್ರೌಢಶಾಲೆಯಲ್ಲಿದ್ದೆ. ಅಂಗಡಿ ಮುಚ್ಚಿತು. ಮುಟ್ಟದೆ ಮಾಡುವ ಕಸುಬು ನಮ್ಮದಲ್ಲ. ಮೇ ತಿಂಗಳಲ್ಲಿ ರಾಜ್ಯ ಸರ್ಕಾರವು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿ ನೆರವನ್ನು ಘೋಷಿಸಿದಾಗ, ನಮ್ಮಂಥವರು ಇಷ್ಟೊಂದು ಜನ ಇದ್ದೇವೆಂಬುದು ನನಗೆ ಮೊದಲ ಬಾರಿಗೆ ತಿಳಿಯಿತು. ಆ ದಿನಗಳಲ್ಲಿ ತಂದೆಯವರು ಕೈ ಜಡ್ಡಾಗಬಾರದೆಂದು ಜಗಲಿಯ ಮೇಲೆ ನಮ್ಮೆಲ್ಲರ ತಲೆಯನ್ನೂ ವಾರಕ್ಕೊಮ್ಮೆ ಕತ್ತರಿಸುತ್ತಿದ್ದರು. ಕೂದಲು ಮುಗಿದುಹೋದ ಮೇಲೆ ಕತ್ತರಿಯನ್ನು ನನ್ನ ಕೈಗೆ ಕೊಟ್ಟು ಅವರ ತಲೆಯನ್ನು ನನ್ನ ಮುಂದೆ ಬಗ್ಗಿಸಿದರು. ನಾನು ಕಲಿತದ್ದು ಹಾಗೆ.

ವಿಜಯಪುರದವರಿಂದಲೇ ಇನ್ನೊಂದು ಸಂಗತಿ ತಿಳಿಯಿತು. ಅವರ ತಂಗಿಯ ಗಂಡನ ಅಂಗಡಿ ಸೊಲ್ಲಾಪುರದಲ್ಲಿದೆ. ನೂರು ಕಿಲೋಮೀಟರು ದೂರ, ಅಷ್ಟೆ. ಆದರೆ ಗಡಿಯಾಚೆ ಮಹಾರಾಷ್ಟ್ರದಲ್ಲಿ ಕ್ಷೌರದಂಗಡಿಗೆ ಸೋಮವಾರ ರಜೆ, ಈಚೆ ಮಂಗಳವಾರ. “ಅವನ ಸೂಟಿ ದಿನ ನನಗ ಕೆಲಸ, ನನ್ನ ಸೂಟಿ ದಿನ ಅವಗ ಕೆಲಸ. ಮದಿವಿ, ಮಣ್ಣಿಗೆ ಅಷ್ಟ ಕೂಡತೀವಿ,” ಎಂದರು. ರಾಜ್ಯಗಳ ಗಡಿಯ ವಿಷಯವಾಗಿ ರಾಜ್ಯಶಾಸ್ತ್ರದ ಟಿಪ್ಪಣಿಗಳಲ್ಲಿ ಬಹಳ ಓದಿದ್ದೇನೆ. ಒಂದು ಕುಟುಂಬದ ವಾರದೊಳಗೆ ಹಾದುಹೋಗುವ ಗಡಿಯನ್ನು ಅಲ್ಲಿ ಕಂಡಿರಲಿಲ್ಲ.

ಈ ಲೇಖನದ ಕರಡನ್ನು ಸಹಪಾಠಿನಿಯೊಬ್ಬರಿಗೆ ತೋರಿಸಿದೆ. ಅವರು ಓದಿ, “ನಿಮ್ಮ ಊರಿನಲ್ಲಿ ಹೆಂಗಸರೇ ಇಲ್ಲವೇನು?” ಎಂದು ಕೇಳಿದರು. ತಪ್ಪಾಯಿತೆಂದು ಒಪ್ಪಿಕೊಂಡೆ. ಬೇಲೂರಿನ ಅದೇ ಸಂಜೆ ಮೂವರು ಹುಡುಗಿಯರು ಮಹಡಿಯ ಮೇಲಿನ ಒಂದು ಬ್ಯೂಟಿ ಪಾರ್ಲರಿಗೆ ಹೋಗಿದ್ದರಂತೆ. ಬಾಗಿಲಿಗೆ ಪರದೆ. ಹುಬ್ಬು ತಿದ್ದುವ ಹೆಂಗಸು ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿರುತ್ತಾಳಾದ್ದರಿಂದ ಕೆಲಸ ನಡೆಯುವಾಗ ಅವಳು ಮಾತನಾಡುವಂತಿಲ್ಲ. ಮಾತೆಲ್ಲ ಕಣ್ಣೀರು ಸುರಿಸುತ್ತ ಕುಳಿತವಳದೇ. ಆ ಕಣ್ಣೀರು ಹುಬ್ಬಿನ ನೋವಿನದೋ ಬೇರೆಯದೋ ಅಲ್ಲಿ ಯಾರೂ ಕೇಳುವುದಿಲ್ಲವಂತೆ. ಅತ್ತೆಗೆ ತಿಳಿಯದಂತೆ ಬಂದವಳೊಬ್ಬಳು, ಮರುದಿನ ಹಸೆಗೇರುವವಳೊಬ್ಬಳು. ಮೆಟ್ಟಿಲಿನ ಮೇಲೆ ಗಂಡಸಿನ ಹೆಜ್ಜೆ ಸಪ್ಪಳವಾದೊಡನೆ ಎಲ್ಲ ಮಾತೂ ನಿಲ್ಲುತ್ತದೆಯಂತೆ. ಈಕೆ ಅದನ್ನೆಲ್ಲ ಅಂದೇ ರಾತ್ರಿ ನಾಲ್ಕು ಪುಟ ಬರೆದಿಟ್ಟಿದ್ದಾರೆ. ಸಂಚಿಕೆಗೆ ಕೊಡಿ ಎಂದು ನಾನೂ ಸಂಪಾದಕ ಮಿತ್ರರೂ ಕೇಳಿಕೊಂಡೆವು. “ಪರದೆಯೊಳಗೆ ಆಡಿದ ಮಾತು. ಅವರು ನನ್ನನ್ನು ನಂಬಿ ಆಡಿದರು, ನಿಮ್ಮ ಸಂಚಿಕೆಯನ್ನು ನಂಬಿ ಅಲ್ಲ,” ಎಂದು ಕೊಡಲಿಲ್ಲ.

ಇದಕ್ಕೆ ನನ್ನಲ್ಲಿ ಸಮರ್ಪಕವಾದ ಉತ್ತರವಿಲ್ಲ. ಲೇಖಕನಾಗಬೇಕೆನ್ನುವವನು ಕಿವಿ ತೆರೆದಿಟ್ಟುಕೊಂಡು ಕುಳಿತು, ಕೇಳಿದ್ದನ್ನೆಲ್ಲ ಜೇಬಿಗೆ ಹಾಕಿಕೊಂಡು ಬಂದರೆ ಅದು ಪ್ರೇರಣೆಯೋ ಕಳವೋ? ನಾನು ಇಲ್ಲಿ ಇಬ್ಬರು ಯಜಮಾನರ ಮಾತುಗಳನ್ನು ಬರೆದಿದ್ದೇನೆ; ಹೆಸರು ಹಾಕಿಲ್ಲ. ಅಷ್ಟು ಸಾಕೆಂದು ನನಗೆ ಪೂರ್ಣವಾಗಿ ಅನ್ನಿಸಿಲ್ಲ.

ಕ್ಷೌರದಂಗಡಿಯನ್ನು ಊರಿನ ಪಾರ್ಲಿಮೆಂಟು ಎಂದು ಹೊಗಳುವವರೂ ಇದ್ದಾರೆ. ಚೆಂದದ ಮಾತು. ಆದರೆ ಆ ಸಭೆಗೆ ಯಾರಿಗೆ ಪ್ರವೇಶವಿತ್ತೆಂದು ಕೇಳಬೇಡವೇ? ಅಂಬೇಡ್ಕರರು ಬಾಲ್ಯದಲ್ಲಿ ಸಾತಾರದಲ್ಲಿದ್ದಾಗ ಊರಿನಲ್ಲಿ ಬೇಕಾದಷ್ಟು ಕ್ಷೌರಿಕರಿದ್ದರು, ಕೊಡಲು ಮನೆಯಲ್ಲಿ ಹಣವೂ ಇತ್ತು. ಆದರೂ ಅವರ ಕೂದಲನ್ನು ಕತ್ತರಿಸುತ್ತಿದ್ದವರು ಅವರ ಅಕ್ಕ. ಅಸ್ಪೃಶ್ಯರ ತಲೆ ಮುಟ್ಟಲು ಯಾವ ಕ್ಷೌರಿಕನೂ ಒಪ್ಪುತ್ತಿರಲಿಲ್ಲ. ಇದನ್ನು ಅವರೇ ಬರೆದಿದ್ದಾರೆ. ಹಳೆಯ ಮಾತೆನ್ನುವಿರಾ? 2020ರಲ್ಲಿ ನಂಜನಗೂಡು ತಾಲೂಕಿನ ಗ್ರಾಮವೊಂದರಲ್ಲಿ ದಲಿತರಿಗೆ ಕ್ಷೌರ ಮಾಡಿದ ತಪ್ಪಿಗೆ ಕ್ಷೌರಿಕನೊಬ್ಬನ ಕುಟುಂಬಕ್ಕೆ ದಂಡವನ್ನೂ ಬಹಿಷ್ಕಾರವನ್ನೂ ವಿಧಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು.

ನಮ್ಮ ತಾತನ ವಿಷಯವನ್ನೂ ಮರೆಮಾಚಬಾರದು. ಅವರು ಆಯಗಾರರು. ಹಡಪ ಹಿಡಿದು ಮನೆಮನೆಗೆ ಹೋಗಿ, ಜಗಲಿಯ ಕೆಳಗೆ ಕುಕ್ಕರುಗಾಲಿನಲ್ಲಿ ಕುಳಿತು ಕೆಲಸ ಮಾಡಿ, ಸುಗ್ಗಿಯಲ್ಲಿ ಕಣದಿಂದ ರಾಗಿ ತರುತ್ತಿದ್ದರು. ಒಳಗೆ ಕರೆಯುತ್ತಿರಲಿಲ್ಲ, ನೀರನ್ನು ಮೇಲಿನಿಂದ ಹೊಯ್ಯುತ್ತಿದ್ದರು. ಇಷ್ಟೆಲ್ಲ ಉಂಡ ಮನುಷ್ಯ ತಾವೂ ಕೇರಿಗೆ ಹೋಗುತ್ತಿರಲಿಲ್ಲ, ಕೇರಿಯವರು ಬಂದರೆ ಕತ್ತಿ ತೆಗೆಯುತ್ತಿರಲಿಲ್ಲ. ತೆಗೆದಿದ್ದರೆ ಊರಿನವರು ಬಿಡುತ್ತಿರಲಿಲ್ಲವೆಂಬುದು ನಿಜ. ತೆಗೆಯಬೇಕೆಂದು ಅವರಿಗೆ ಅನ್ನಿಸಲೇ ಇಲ್ಲವೆಂಬುದೂ ನಿಜ. ನಮ್ಮ ತಂದೆಯವರು ಊರು ಬಿಟ್ಟು ತಾಲೂಕು ಕೇಂದ್ರಕ್ಕೆ ಬಂದು ಕುರ್ಚಿ ಹಾಕಿದರು. ಆ ಕುರ್ಚಿ ನನ್ನ ಕಣ್ಣಿಗೆ ಸಾಮಾನ್ಯ ವಸ್ತುವಲ್ಲ. ಮೊದಲು ಕ್ಷೌರಿಕನು ಗಿರಾಕಿಯ ಬಾಗಿಲಿಗೆ ಹೋಗಬೇಕಿತ್ತು; ಈಗ ಗಿರಾಕಿ ಇವನ ಬಾಗಿಲಿಗೆ ಬಂದ. ಮೊದಲು ರಾಗಿ ಅಳೆಯುವವನ ಮರ್ಜಿ. ಈಗ ಗೋಡೆಯ ಮೇಲೆ ದರದ ಪಟ್ಟಿ. ಸರದಿ ಯಾರದೋ ಅವರು ಕೂರಬೇಕು, ತಲೆ ಯಾರದಾದರೂ ಕತ್ತರಿ ಒಂದೇ. ಮೊದಲ ದಿನ ಕೇರಿಯ ಹುಡುಗನೊಬ್ಬ ಒಳಗೆ ಬಂದು ಬಾಗಿಲಲ್ಲೇ ನಿಂತಾಗ, ತಮ್ಮ ಕೈ ಒಂದು ಕ್ಷಣ ಅನುಮಾನಿಸಿತೆಂದು ತಂದೆಯವರು ನನ್ನೊಡನೆ ಹೇಳಿದ್ದಾರೆ. ಹೇಳಬೇಕಾದ ಅಗತ್ಯವಿರಲಿಲ್ಲ. ಹೇಳಿದರು. ಅಂಥ ಒಂದು ವಾಕ್ಯವನ್ನು ಬರೆಯಲು ನನಗೆ ಬೇಲೂರು, ವಿಜಯಪುರಗಳನ್ನು ಸುತ್ತಿ ಬರಬೇಕಾಯಿತು.

ಮುಂದಿನ ವರ್ಷ ಪ್ರವಾಸವನ್ನು ಏರ್ಪಡಿಸುವ ಅಧ್ಯಾಪಕ ಮಹನೀಯರಲ್ಲಿ ನನ್ನದೊಂದು ಸಣ್ಣ ಬಿನ್ನಹವಿದೆ. ನಾನಾಗ ಇಲ್ಲಿರುವುದಿಲ್ಲವಾದ್ದರಿಂದ ಸ್ವಾರ್ಥವಿಲ್ಲದೆ ಹೇಳಬಹುದು. ಒಂದು ಸಂಜೆಯನ್ನು ಯಾವ ಸ್ಥಳಕ್ಕೂ ಮೀಸಲಿಡದೆ ಬಿಡಿ. ಹುಡುಗರು ಕ್ಷೌರಕ್ಕೆ ಹೋಗಲಿ, ಹುಡುಗಿಯರು ಪರದೆಯ ಹಿಂದೆ ಹೋಗಲಿ. ಬಂದವರಿಂದ ಪ್ರಬಂಧ ಬರೆಸಬೇಡಿ. ಬರೆಯುವವರು ತಾವಾಗಿ ಬರೆಯುತ್ತಾರೆ, ಬರೆಯಬಾರದೆನ್ನಿಸಿದವರು ಇಟ್ಟುಕೊಳ್ಳುತ್ತಾರೆ. ಆ ದಿನ ಮಂಗಳವಾರವಾಗದಂತೆ ಮಾತ್ರ ನೋಡಿಕೊಳ್ಳಬೇಕು.

ಕಳೆದ ವಾರ ಊರಿಗೆ ಹೋಗಿದ್ದಾಗ, ಗಿರಾಕಿಗಳಿಲ್ಲದ ಮಧ್ಯಾಹ್ನ, ಅಂಗಡಿಯಲ್ಲಿ ಕುಳಿತು ಇದನ್ನೆಲ್ಲ ತಂದೆಯವರಿಗೆ ಓದಿ ಹೇಳಿದೆ. ಅವರು ಪುಟ್ಟ ಮಕ್ಕಳನ್ನು ಕೂರಿಸಲು ಕುರ್ಚಿಯ ತೋಳುಗಳ ಮೇಲೆ ಅಡ್ಡ ಹಾಕುವ ಹಲಗೆಯನ್ನು ಒರೆಸುತ್ತ ಕೇಳಿದರು. ಬಾಲ್ಯದಲ್ಲಿ ನಾನು ಮಗ್ಗಿ ಕಲಿತದ್ದು ಅದೇ ಹಲಗೆಯ ಮೇಲೆ. ತೆಂಗಿನ ತೋಟದ ಮಾತು ಬಂದಾಗ ಅವರ ಕೈ ನಿಲ್ಲಲಿಲ್ಲ. ಓದಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೇಲೂರಿನೋರಿಗೆ ಒಂದು ಕಾಗದ ಹಾಕು,” ಎಂದರು. “ಅಂಗಡಿ ಹೆಸರೇನು?”

ಟಿಪ್ಪಣಿ ಪುಸ್ತಕವನ್ನು ತೆಗೆದು ನೋಡಿದೆ. 1117 ಎಂದಿತ್ತು. ಐವತ್ತೆಂಟು ಅಡಿ ಎಂದಿತ್ತು. ಬಾಗಿಲ ಮೇಲಿನ ಬೋರ್ಡನ್ನು ಎರಡು ದಿನವೂ ನಾನು ತಲೆಯೆತ್ತಿ ನೋಡಿರಲಿಲ್ಲ.